ಮುಚ್ಚಳದ ಮೇಲೆ ಬರೆದದ್ದು

ಗ್ಯಾರೇಜಿನ ಹಿಂದಿನ ಕೋಣೆ,
ಮಾರ್ಚ್ ೧೨, ಬುಧವಾರ ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಹಾಸ್ಟೆಲಿನ ಊಟ ಒಗ್ಗಿತೇ? ನರ್ಸಿಂಗ್ ಓದುವವಳೇ ಕೆಮ್ಮುತ್ತ ಕೂತರೆ ರೋಗಿಗಳು ನಕ್ಕಾರು, ಜೋಪಾನ. ನಾವಿಬ್ಬರೂ ಚೆನ್ನಾಗಿದ್ದೇವೆ. ಅಕ್ಷರ ಅಜ್ಜಿಯದು, ಮಾತು ನನ್ನದು. ನಡುವೆ ಅವಳು ಏನಾದರೂ ಸೇರಿಸಿದರೆ ನಂಬಬೇಡ.

ಹಲ್ಲಿನ ಡಾಕ್ಟರಮ್ಮನ ಎರಡು ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು ನಿನಗೆ ಗೊತ್ತಲ್ಲ. ಬ್ರೇಕ್ ಆಯಿಲ್ ಕಡಿಮೆಯಾಗಿದೆ ಎಂದು ಹೋದ ವಾರ ತಂದಿದ್ದರು. ಅದರಲ್ಲಿ ಕ್ಲಚ್ಚಿಗೂ ಬ್ರೇಕಿಗೂ ಆಯಿಲಿನ ಡಬ್ಬಿ ಒಂದೇ. "ಇಂಥಾ ಗಾಡಿಗೆ ನಾಲ್ಕನೇ ನಂಬರ್ ಆಯಿಲ್ ಯಾಕೆ, ಐದೇ ಹಾಕಿ" ಎಂದರು. ನಾನು ಬಿಡುತ್ತೇನೆಯೇ? ನಂಬರ್ ದೊಡ್ಡದಾದ ಮಾತ್ರಕ್ಕೆ ಆಯಿಲ್ ಒಳ್ಳೆಯದಾಗುವುದಿಲ್ಲ, ಐದು ಬೇರೆಯೇ ಜಾತಿ, ನಾಲ್ಕರ ಜೊತೆ ಬೆರೆಯುವುದಿಲ್ಲ, ಮುಚ್ಚಳದ ಮೇಲೆ ಬರೆದದ್ದನ್ನೇ ಹಾಕಬೇಕು ಎಂದು ಅರ್ಧ ಗಂಟೆ ಪಾಠ ಮಾಡಿದೆ. ಆಮೇಲೆ ಶೆಲ್ಫಿಗೆ ಕೈಚಾಚಿ, ಬಾಟಲಿಯ ಆಕಾರ ತಡವಿ ನೋಡಿ, ಸುರಿದೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ!

ನಿನ್ನೆ ಅವರು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆಟ್ಟ ಇಳಿಯಲು ಹೊರಟವರು, ಟೈರಿಗೆ ಗಾಳಿ ತುಂಬಿಸಲು ನಮ್ಮಲ್ಲಿ ನಿಂತರು. ಮತ್ತೆ ಹೊರಡುವಾಗ ತುಳಿದ ಕ್ಲಚ್ ಪೆಡಲ್ ನೆಲ ಕಚ್ಚಿತು, ಮೇಲೆ ಬರಲೇ ಇಲ್ಲ. ಡಬ್ಬಿಯಿಂದ ಒಂದು ಚಮಚ ತೆಗೆದು ನೀರಿನ ಲೋಟಕ್ಕೆ ಹಾಕಿದೆ. ನಿನಗೆ ಕಲಿಸಿದ್ದೆನಲ್ಲ, ಬ್ರೇಕ್ ಆಯಿಲ್ ನೀರಿನಲ್ಲಿ ಬೆರೆಯುತ್ತದೆ. ಇದು ತೇಲಿತು. ಅಜ್ಜಿಯ ಹೊಲಿಗೆ ಯಂತ್ರದ ಎಣ್ಣೆ! ಖಾಲಿ ಬ್ರೇಕ್ ಆಯಿಲ್ ಬಾಟಲಿಗೆ ಅದನ್ನು ತುಂಬಿಟ್ಟವನೂ ನಾನೇ. ಆ ಎಣ್ಣೆ ಕುಡಿದು ಒಳಗಿನ ರಬ್ಬರ್ ಸೀಲುಗಳು ಊದಿಕೊಂಡಿದ್ದವು. ಕ್ಲಚ್ ಇಲ್ಲಿ ಕೈಕೊಡದಿದ್ದರೆ ಇಳಿಜಾರಿನಲ್ಲಿ ಬ್ರೇಕಿನ ಸರದಿ. ಆ ಮಗುವನ್ನು ನಾನೇ ಕೈಹಿಡಿದು ಕಾರಿನಿಂದ ಇಳಿಸಿದೆ.

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಡಾಕ್ಟರಮ್ಮ ಬೈಯಲಿಲ್ಲ. "ಇಲ್ಲೇ ಕೆಟ್ಟಿತಲ್ಲ ಅಜ್ಜಾ, ಅಷ್ಟು ಸಾಕು" ಎಂದರು. ಅವರ ದೊಡ್ಡ ಮನಸ್ಸನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಪಕ್ಕದ ಬೀದಿಯ ಮೆಕ್ಯಾನಿಕ್ ಬಂದು ಸೀಲುಗಳನ್ನೆಲ್ಲ ಬದಲಿಸಿ, ಪೈಪು ತೊಳೆದು, ಹೊಸ ನಾಲ್ಕನೇ ನಂಬರ್ ತುಂಬಿದ. ಸುರಿಯುವ ಮುಂಚೆ ಬಾಟಲಿಯನ್ನು ಅಜ್ಜಿಯಿಂದ ಗಟ್ಟಿಯಾಗಿ ಓದಿಸಿದೆ. ಕೆಟ್ಟ ಕ್ಲಚ್ಚಿಗೆ ಕೈಮುಗಿದ ಮೆಕ್ಯಾನಿಕ್ ನಾನೊಬ್ಬನೇ ಇರಬೇಕು.

ಹೊತ್ತಿಗೆ ಸರಿಯಾಗಿ ಉಣ್ಣು, ಚೆನ್ನಾಗಿ ಓದು, ನೂರು ಕಾಲ ಬಾಳು.

ನಿನ್ನ
ಅಜ್ಜ

ತಾ.ಕ.: ಆ ಬಾಟಲಿಗೆ ನೀನು ಹೋಗುವ ಮುಂಚೆ 'ಹೊಲಿಗೆ ಎಣ್ಣೆ' ಎಂದು ದಪ್ಪ ಅಕ್ಷರದ ಚೀಟಿ ಅಂಟಿಸಿದ್ದೆಯಂತೆ. ಅಕ್ಷರ ಹಾಗಿರಲಿ, ಚೀಟಿ ಇರುವುದೇ ನನಗೆ ಕಾಣಲಿಲ್ಲ ಪುಟ್ಟೀ. ಎರಡು ವರ್ಷ ನಿನ್ನ ಮಾತು ತಳ್ಳಿಹಾಕಿದೆ. ಕಣ್ಣಿನ ಆಪರೇಷನ್ನಿಗೆ ದಿನ ಗೊತ್ತುಮಾಡು, ಬರುತ್ತೇನೆ. ಅಲ್ಲಿಯವರೆಗೆ ಗ್ಯಾರೇಜಿಗೆ ಬೀಗ ಹಾಕಿ ಕೀಲಿ ಅಜ್ಜಿಗೆ ಕೊಟ್ಟಿದ್ದೇನೆ.

(ಇದನ್ನು ನಂಬು. ನಾನು ಕೇಳಿರಲಿಲ್ಲ, ಅವರೇ ಕೊಟ್ಟರು. — ಅಜ್ಜಿ)