ಡಚ್ಚರ ತೋಟ, ಅಜ್ಜಿಯ ಕನಕಾಂಬರ

ವಕ್ಕಲೇರಿ
೧೮ ಆಗಸ್ಟ್ ೨೦೨೪

ಮುದ್ದು ಮೇಘನಾ,

ಅಜ್ಜಿ ಮನೆಗೆ ಬಂದರು! ಫೋನಿನಲ್ಲಿ ಹೇಳೋಣವೆಂದರೆ ಪಕ್ಕದಲ್ಲೇ ಕೂತಿರುತ್ತಾರೆ, ಅದಕ್ಕೇ ಈ ಕಾಗದ.

ಕಾರು ನಿಲ್ಲಿಸಲೆಂದು ನಿಮ್ಮಪ್ಪ ಮನೆ ಮುಂದಿನ ಕನಕಾಂಬರವನ್ನೆಲ್ಲ ಕಿತ್ತು ಸಿಮೆಂಟು ಹಾಕಿಸಿದ ದಿನವೇ ಅಜ್ಜಿ ಬಟ್ಟೆ ಗಂಟು ಕಟ್ಟಿಕೊಂಡು ತಾಯಲೂರಿಗೆ, ನಿನ್ನ ಸೋದರತ್ತೆ ಭಾರತಮ್ಮನ ಮನೆಗೆ ಹೋದದ್ದು ನಿನಗೆ ಗೊತ್ತೇ ಇದೆ. ನಿಮ್ಮಪ್ಪ ಕರೆಯಲು ಹೋದವರು ಹೊಟ್ಟೆ ತುಂಬ ಉಂಡು ಬರಿಗೈಲಿ ಬಂದರು.

ಆಗಲೇ ಮೈಸೂರಿನಿಂದ ನೀನು ಕಳಿಸಿದ ಚಿತ್ರ ಬಂತು. ಕಾಲೇಜಿನಲ್ಲಿ ನೀನು ತಾಮ್ರದ ತಗಡಿನ ಮೇಲೆ ಕೊರೆದು ಕಾಗದಕ್ಕೆ ಅಚ್ಚೊತ್ತಲು ಕಲಿಯುತ್ತಿರುವೆಯಲ್ಲ, ಹಾಗೆ ಅಚ್ಚೊತ್ತಿದ ಹಳೇ ಡಚ್ಚರ ದೊಡ್ಡ ಬಂಗಲೆ. ಮುಂದಿನ ತೋಟದ ನಡುವೆ ನೇರ ದಾರಿ. ಎಡಕ್ಕೊಂದು ಬಳ್ಳಿಸುರುಳಿ ಇದ್ದರೆ ಬಲಕ್ಕೂ ಅಂಥದ್ದೇ. ನನಗೆ ರಂಗೋಲಿಯೇ ಕಂಡಿತು. ಅಜ್ಜಿಗೆ ತೋರಿಸೋಣವೆಂದು ಚಿತ್ರ ಸುತ್ತಿಕೊಂಡು ತಾಯಲೂರಿಗೆ ಬಸ್ಸು ಹತ್ತಿದೆ.

ಅಜ್ಜಿ ಮೊದಲು ಮುಖ ತಿರುಗಿಸಿದರು. ಆಮೇಲೆ ಕನ್ನಡಕ ಹಾಕಿಕೊಂಡು ಆ ದಾರಿಗುಂಟ ಬೆರಳು ಓಡಿಸಿದರು. "ಇಷ್ಟು ದೊಡ್ಡ ಮನೆ, ಕಸ ಗುಡಿಸೋಳು ಒಬ್ಳೂ ಕಾಣಲ್ವಲ್ಲೇ ರಮಾ!" ಎಂದರು. ಇಬ್ಬರಿಗೂ ನಗು. ಆ ಮನೆಯ ಕಥೆ ಕೇಳಿದರು, ಹೇಳಿದೆ. ಕೇಳಿ ಮುಗಿದದ್ದೇ ಚಿತ್ರ ಸುತ್ತಿಟ್ಟು, "ಕಾಫಿ ಕುಡ್ದು ಹೊರಡೋಣ ನಡಿ. ಆ ಸಿಮೆಂಟು ಎಷ್ಟು ಗಟ್ಟಿ ಐತೋ ನೋಡೇಬಿಡ್ತೀನಿ" ಎಂದರು!

ಬಂದವರೇ ನಿಮ್ಮಪ್ಪನ ಮುಂದೆ ಚಿತ್ರ ಹಿಡಿದರು. "ವೇಣು, ನಡುವೆ ನಿನ್ ಕಾರಿಗೆ ದಾರಿ ಬಿಡ್ತೀನಿ ಕಣೋ. ಎರಡು ಪಕ್ಕ ನಂದು."

ನಿಮ್ಮಪ್ಪ ಗೊಣಗಿದರು. ಆದರೆ ಮರುದಿನ ಹಾರೆ ಹಿಡಿದವರೂ ಅವರೇ. ಎರಡು ಪಕ್ಕದ ಸಿಮೆಂಟು ಒಡೆದು, ಗೂಟ ನೆಟ್ಟು, ದಾರ ಕಟ್ಟಿ, ಚಿತ್ರವನ್ನು ಕಾರಿನ ಬಾನೆಟ್ಟಿನ ಮೇಲೆ ಹರಡಿಕೊಂಡು ಸುರುಳಿ ಗೀಚಿದರು. ಎಡಕ್ಕೂ ಬಲಕ್ಕೂ ಹೊಂದುತ್ತಿಲ್ಲವೆಂದು ಅಮ್ಮ ಮಗ ಕೂಗಾಡಿದ್ದು ಕೇಳಿ ಪಕ್ಕದ ಮನೆಯ ಚನ್ನರಾಯಪ್ಪ ಬಂದು, "ಏನ್ಲಾ ವೇಣು, ಅರಮನೆ ಕಟ್ತಾ ಇದೀಯಾ?" ಎಂದರು.

"ಅರಮನೆ ಆಮೇಲೆ. ಮೊದ್ಲು ತೋಟ" ಎಂದರು ನಿಮ್ಮಪ್ಪ.

ಈಗ ಸುರುಳಿಗಳ ಅಂಚಿಗೆ ಕೊತ್ತಂಬರಿ ಎದ್ದಿದೆ, ಒಳಗೆ ಕನಕಾಂಬರದ ಸಸಿಗಳು ಚಿಗುರಿವೆ. ಕಾರು ಮಾತ್ರ ಬೀದಿಯ ಹೊಂಗೆ ಮರದಡಿ ನಿಂತಿದೆ. ನಡುದಾರಿಯಲ್ಲಿ ಚಕ್ರದ ಗುರುತು ಬಿದ್ದರೆ ಅಂದ ಕೆಡುತ್ತದಂತೆ. ಹೀಗೆಂದವರು ಅಜ್ಜಿಯಲ್ಲ, ನಿಮ್ಮಪ್ಪ!

ಗೌರಿ ಹಬ್ಬಕ್ಕೆ ತಪ್ಪದೆ ಬಾ.

ನಿನ್ನ ದಾರಿ ನೋಡುತ್ತಿರುವ ಅಮ್ಮ,
ರಮಾದೇವಿ

ಬರೆಯಲು ಮರೆತದ್ದು: ಆ ಬಂಗಲೆಯ ನಿಜವಾದ ಕಥೆ ಅಜ್ಜಿಯ ಮುಂದೆ ಎತ್ತಬೇಡ ಕಣೇ. ನನಗೇನು ಗೊತ್ತು ಅದು ಯಾರದೆಂದು? ಮುನಿಸಿಕೊಂಡು ಹೋದ ತಾಯಿ ವಾಪಸು ಬಂದು ಮಗನ ಕೈಲೇ ಆ ತೋಟ ಮಾಡಿಸಿದಳು ಎಂದು ಕಥೆ ಕಟ್ಟಿ ಹೇಳಿಬಿಟ್ಟೆ. ತೋಟ ನೋಡಲು ಬಂದವರಿಗೆಲ್ಲ ಅಜ್ಜಿ ಈಗ ಅದನ್ನೇ ಹೇಳುತ್ತಾರೆ. ಆ ಡಚ್ಚಿನ ತಾಯಿಗೆ ದೊಡ್ಡಗಂಗಮ್ಮ ಎಂದು ಹೆಸರೂ ಇಟ್ಟಿದ್ದಾರೆ.