ತೊಳೆಯದ ಗಾಯಗಳು

ಅಕ್ಕಿಆಲೂರು, ೧೦ ಮಾರ್ಚ್ ೧೯೬೪

ದವಾಖಾನೆ ಕೊಟ್ಟ ಮಾತು: ಅಕ್ಕಿ ಗಿರಣಿಯ ಬೆಲ್ಟಿಗೆ ಸಿಕ್ಕು ಮುರಿದ ಅಣ್ಣನ ಕಾಲಿನ ಎಲುಬಿಗೆ ಕಬ್ಬಿಣದ ಪಟ್ಟಿ ಕೂಡಿಸುತ್ತೇವೆ, ಸುಗ್ಗಿಗೆ ನಡೆಯುತ್ತಾನೆ. ಕೀವಾದರೆ ಪಟ್ಟಿ ತೆಗೆಯುತ್ತೇವೆ, ಪುಕ್ಕಟೆ.
ಸಿಕ್ಕಿದ್ದು: ಕೀವು.
ಸಿಗದೇ ಇದ್ದದ್ದು: ಹಾಸಿಗೆ, ಎರಡನೆಯ ಆಪರೇಷನ್.

ಭರಮಪ್ಪಣ್ಣನಿಗೆ ಇವತ್ತೂ ಜ್ವರ. ದವಾಖಾನೆಯ ಡಾಕ್ಟರ್ ಸಾಹೇಬರು ಹೇಳಿದ್ದು— "ನಮ್ಮಲ್ಲಿ ಸೆಪ್ಟಿಕ್ ಆಗೋದೇ ಇಲ್ಲ. ನಿಮ್ಮ ಕೇರಿಯ ಹೊಲಸಿನಿಂದ ಆಗಿರಬೇಕು." ಕೇರಿ! ಎಲುಬಿಗೆ ಮೊಳೆ ಬಡಿದದ್ದು ಕೇರಿಯೇ?
ಹೊರಗೆ ಕಾಂಪೌಂಡರ್ ಪಿಸುಗುಟ್ಟಿದ: "ಪಟ್ಟಿ ತಗೀಲಿಲ್ಲಂದ್ರ ಕಾಲ ಹೋಗತೈತಿ."

೧೫ ಮಾರ್ಚ್

ಆಗೋದೇ ಇಲ್ಲವೇ? ನಾನೇ ಎಣಿಸುತ್ತೇನೆ. ನಮ್ಮ ಗಿರಣಿ ಕೂಲಿಕಾರರ ಸಂಘದ ಸೈಕಲ್ ಹತ್ತಿದೆ. ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು... ಅದೇ ದವಾಖಾನೆಯಲ್ಲಿ ಎಲುಬಿನ ಆಪರೇಷನ್ ಆದವರು ಸಿಕ್ಕಿದ್ದು ಇಪ್ಪತ್ತೊಂದು. ಕೀವು ಸೋರುವವರು, ಅಣ್ಣನೂ ಸೇರಿ, ಎಂಟು.
ಅವರಲ್ಲೊಬ್ಬ, ಸವಣೂರಿನಲ್ಲಿ ಟಾಂಗಾ ಹೊಡೆಯುವ ಅಲ್ಲಾಭಕ್ಷ, ನಗುತ್ತಲೇ ಹೇಳಿದ: "ಕುದರಿ ಕಾಲ ಮುರದ್ರ ಗುಂಡ ಹಾಕ್ತಾರ್ರಿ. ನನಗ 'ಗುಣ ಆಗೇತಿ' ಅಂತ ಚೀಟಿ ಹಾಕ್ಯಾರ!"

೧೭ ಮಾರ್ಚ್

ಅಣ್ಣನನ್ನು ಮತ್ತೆ ಒಯ್ದೆವು. ಇಪ್ಪತ್ತೊಂದರಲ್ಲಿ ಎಂಟು ಎಂದೆ. ಸಾಹೇಬರು ಕಾಲು ಬಿಚ್ಚಿಸಿದರು. ಒಣ ಗಾಯ, ಮೇಲೆ ವಿಭೂತಿ. "ಎಲ್ಲಿದೆ ಕೀವು?" 'ಗುಣ' ಎಂದು ಬರೆದರು.
ಮರಳುವ ಬಸ್ಸಿನಲ್ಲಿ ಅತ್ತಿಗೆ ಉಡಚವ್ವನ ಬಾಯಿಂದ ಹೊರಬಿತ್ತು— "ನಸಿಕಿನ್ಯಾಗ ಕೀವು ರಸಿಗಿ ಎಲ್ಲಾ ಹಿಂಡಿ, ಬಿಸಿನೀರಿಂದ ತೊಳದು, ಹೊಸಾ ಅರಿವಿ ಕಟ್ಟಿದ್ನೋ ತಮ್ಮಾ. ದೊಡ್ಡಾವ್ರ ಮುಂದ ನಾರೂ ಕಾಲ ಹೆಂಗ ಚಾಚೂದು? ಮೊದಲ ನಮಗ ಹೊಲಸ ಅಂತಾರ."

೨೦ ಮಾರ್ಚ್

ಉಳಿದ ಏಳೂ ಮನೆಗಳಲ್ಲಿ ಕೇಳಿದೆ. ಏಳರಲ್ಲೂ ಅದೇ. ಮರ್ಯಾದೆಗೆ ತೊಳೆದು ಹೋಗಿದ್ದಾರೆ. ನಮ್ಮ ಸಾಕ್ಷಿ ನಮ್ಮ ಕೈಯಿಂದಲೇ ಬಚ್ಚಲಿಗೆ! ಇನ್ನು ಈ ಮರ್ಯಾದೆ ಬೇಡ.

೨೨ ಮಾರ್ಚ್

ಎಂಟೂ ಮನೆಯವರ ಸಭೆ. ಒಂದೇ ಠರಾವು: ಮಂಗಳವಾರ ದವಾಖಾನೆಗೆ ಹೋಗುವ ತನಕ ಯಾರೂ ಗಾಯ ತೊಳೆಯಬಾರದು.
"ನವಾಬರ ಊರಾಂವ್ರಿ ನಾ. ತುಸು ಅತ್ತರನಾರ ಹಚ್ಚಿಕೊಳ್ಳಲ್ಯಾ?" ಎಂದ ಅಲ್ಲಾಭಕ್ಷ.
"ಸುಮ್ಕಿರೋ!" ಮೊದಲು ವಿರೋಧಿಸಿದ್ದ ಅತ್ತಿಗೆಯೇ ಎದ್ದಳು. "ನಾರ್ಲಿ ಬಿಡ್ರಿ! ಅವ್ರು ಇಟ್ಟ ಕಬ್ಬಣ, ಅವ್ರ ಮೂಗಿಗೇ ಹತ್ಲಿ!"

೨೩ ಮಾರ್ಚ್, ಸಂಜೆ

ಜ್ವರ ಏರಿದೆ. ಅಣ್ಣ ನರಳಿದ. ಅತ್ತಿಗೆ ಅಭ್ಯಾಸಬಲದಿಂದ ನೀರು ಕಾಯಿಸಿದಳು. ನೋಡುತ್ತ ನಿಂತಳು. ಚೆಲ್ಲಿದಳು.
ನಾಳೆ ಮಂಗಳವಾರ, ಬೆಳಿಗ್ಗೆ ಹತ್ತಕ್ಕೆ, ದವಾಖಾನೆಯ ಪಡಸಾಲೆ. ಎಂಟೂ ಮಂದಿ. ಗಾಯದ ಅರಿವೆ ಬಿಚ್ಚುವುದು ಅಲ್ಲೇ, ಎಲ್ಲರೆದುರು—