ಬಂದವರ ರೊಟ್ಟಿ

ಲಗ್ಗೆರೆ, ಬೆಂಗಳೂರು
೧೪ ಜುಲೈ ೨೦೨೫, ಸೋಮವಾರ

ತಂಗಿ ಸುಮಂಗಲಾ,

ಹೇಗಿದ್ದೀಯವ್ವ? ನಿನ್ನ ಯಜಮಾನರು ಈಶಪ್ಪನವರ ಮಂಡಿನೋವು ಈ ತಂಪಿಗೆ ಹೆಚ್ಚಾಗಿಲ್ಲ ತಾನೆ? ನಿನ್ನ ಅತ್ತೆ ಸಾರಮ್ಮನವರಿಗೆ ಪೊರೆ ತೆಗೆಸಿದ ಮೇಲೆ ಸತ್ಯವೇದದ ಸಣ್ಣ ಅಕ್ಷರ ಕಾಣುತ್ತಿದೆಯೋ, ಇಲ್ಲ ಈಗಲೂ ನೀನೇ ಓದಿ ಹೇಳಬೇಕೋ? ಇನ್ನು ನನ್ನ ಮಗ ಪರಮಾನಂದ. ಹೇಗಿದ್ದೀಯಪ್ಪ ಎಂದು ಅವನನ್ನೇ ಕೇಳಿದರೆ ಆರಾಮ ಅನ್ನುತ್ತಾನೆ, ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ನಿಮ್ಮೆಲ್ಲರ ಜೊತೆ ಸಾಲಿನಲ್ಲಿ ಕೂತು ಉಣ್ಣುತ್ತಾನೆಯೆ, ಅಥವಾ ಈಗಲೂ ಗೋಡೆ ಕಡೆ ಮುಖ ತಿರುಗಿಸಿಕೊಂಡು ಎಡಗೈಯಲ್ಲಿ ಉಣ್ಣುತ್ತಾನೆಯೆ?

ಅಕ್ಕ ಫೋನ್ ಮಾಡದೆ ಕಾಗದ ಬರೆದಿದ್ದಾಳಲ್ಲ ಎಂದು ಗಾಬರಿಯಾಗಬೇಡ. ನಿಮ್ಮ ಮನೆಯ ಫೋನು ಹಗಲೆಲ್ಲ ಪರಮಾನಂದನ ಹತ್ತಿರ ಇರುತ್ತದೆ. ಈ ಸಂಗತಿ ಅವನ ಕಿವಿಗೆ ಈಗಲೇ ಬೀಳಬಾರದು. ಒಬ್ಬಳೇ ಹಿತ್ತಲಿಗೆ ಹೋಗಿ ಓದು.

ಗದಿಗೆಪ್ಪ ನಮ್ಮ ಮನೆಯಲ್ಲಿದ್ದಾನೆ.

ಹೌದು, ಅದೇ ಗದಿಗೆಪ್ಪ. ಪೀಣ್ಯದ ಆ ತಗಡಿನ ಶಾಪಿನ ಸೂಪರ್‌ವೈಸರ್. ಕೆಲಸ ಬೇಗ ಸಾಗಲಿ ಎಂದು ತಗಡು ಒತ್ತುವ ಪ್ರೆಸ್ಸಿನ ಮುಂದೆ ಕೈ ಒಳಗೆ ಹೋಗದಂತೆ ತಡೆಯುವ ಗಾರ್ಡ್ ಬಿಚ್ಚಿಸಿದವನು. ನನ್ನ ಮಗನ ಬಲಗೈ ಆ ಪ್ರೆಸ್ಸಿಗೆ ಸಿಕ್ಕ ದಿನ ಆಸ್ಪತ್ರೆಗೆ ಬಾರದೆ ನೇರ ಮಾಲೀಕನ ಕೋಣೆಗೆ ಹೋಗಿ, ಹುಡುಗ ಕುಡಿದು ಬಂದಿದ್ದ, ಗಾರ್ಡ್ ತಾನೇ ಬಿಚ್ಚಿಕೊಂಡ ಎಂದು ಹೇಳಿದವನು. ಹನಿ ಹೆಂಡ ಮುಟ್ಟದ ಮಗ ನನ್ನವನು. ಆ ಒಂದು ಮಾತಿಗೆ ಭಾಗ್ಯಶ್ರೀಯ ತಂದೆ ಬಂದು ಮಗಳನ್ನು ಕರೆದುಕೊಂಡು ಹೋದರು. ಕೈ ಇಲ್ಲದ ಗಂಡನ ಜೊತೆ ನನ್ನ ಸೊಸೆ ಬಾಳುತ್ತಿದ್ದಳು, ಅದು ನನಗೆ ಗೊತ್ತು. ಕುಡುಕನ ಜೊತೆ ಬಾಳಿಸಲು ಅವಳ ತಂದೆ ಒಪ್ಪಲಿಲ್ಲ. ಪರಮಾನಂದ ಈ ಊರಲ್ಲಿ ಮುಖ ಎತ್ತಲಾರದೆ ನಿನ್ನ ಮನೆ ಸೇರಿದ.

ಇವನು ನಮ್ಮ ಮನೆಗೆ ಹೇಗೆ ಬಂದ ಎಂದು ಕೇಳುತ್ತೀಯ. ಅಪ್ಪನ ರೂಢಿಯಿಂದಲೇ ಬಂದ. ಬೆಟಗೇರಿಯಲ್ಲಿ ಅಪ್ಪ ಮಗ್ಗದಿಂದ ಎದ್ದು ಊಟಕ್ಕೆ ಕೂರುವ ಮೊದಲು ಬಂದವರ ರೊಟ್ಟಿ ತೆಗೆದಿಟ್ಟೆಯಾ ಎಂದು ಅವ್ವನನ್ನು ಕೇಳುತ್ತಿದ್ದರಲ್ಲ. ಯಾರಾದರೂ ಬರಲಿ ಬಿಡಲಿ, ಮೊದಲ ರೊಟ್ಟಿ ಬಾಗಿಲಿಗೆ ಬರುವವರದು. ಬಂದವರು ಉಂಡು ಕೈ ತೊಳೆಯುವ ತನಕ ಹೆಸರು, ಜಾತಿ, ಊರು ಕೇಳುವಂತಿಲ್ಲ. ದೇವದೂತರು ಹೆಸರು ಹೇಳಿಕೊಂಡು ಬರುವುದಿಲ್ಲ ದೇವಕ್ಕಾ ಎನ್ನುತ್ತಿದ್ದರು. ನೀನು ಮದುವೆಯಾಗಿ ಹೋದ ಮೇಲೆ ಈ ರೂಢಿ ಬಿಟ್ಟೆ ಎಂದು ಗೊತ್ತು, ತಪ್ಪು ಹಿಡಿಯುತ್ತಿಲ್ಲ. ನಾನು ಬಿಟ್ಟಿಲ್ಲ. ಈ ಲಗ್ಗೆರೆಯಲ್ಲಿ ರಾಯಚೂರು, ಯಾದಗಿರಿಯಿಂದ ಗಾರೆ ಕೆಲಸಕ್ಕೆ ಬಂದವರು ಎಷ್ಟೋ ಜನ ನನ್ನ ಹೊಸ್ತಿಲಲ್ಲಿ ಕೂತು ಉಂಡಿದ್ದಾರೆ.

ಹಾಗೆ ಒಂದು ಮಧ್ಯಾಹ್ನ ಗೇಟಿನ ಮುಂದಿನ ಕಟ್ಟೆಯ ಮೇಲೆ ಒಬ್ಬ ಗಂಡಸು ತಲೆ ತಗ್ಗಿಸಿ ಕೂತಿದ್ದ. ಕಣ್ಣು ಅರಿಶಿನ ಬಳಿದ ಹಾಗಿತ್ತು, ಕಾಮಾಲೆ ಎಂದು ನೋಡಿದೊಡನೆ ತಿಳಿಯಿತು. ಒಳಗೆ ಕರೆದೆ. ರೊಟ್ಟಿಯನ್ನು ಮಜ್ಜಿಗೆಯಲ್ಲಿ ಮುರಿದು ಕೊಟ್ಟೆ. ನಮ್ಮ ಕಡೆಯವನೇ ಎಂದು ತಿನ್ನುವ ರೀತಿಯಲ್ಲೇ ಗೊತ್ತಾಯಿತು, ಸಂತೋಷವೂ ಆಯಿತು. ಉಂಡು ಎದ್ದ. ಕೈಗೆ ನೀರು ಹಾಕುತ್ತಾ ಹೆಸರು ಕೇಳಿದೆ. ಗದಿಗೆಪ್ಪ, ರೋಣದ ಕಡೆಯವ ಎಂದ. ಎಲ್ಲಿ ಕೆಲಸ ಎಂದೆ. ಶಾಪಿನ ಹೆಸರು ಹೇಳಿ, ಮಾಲೀಕ ಅದನ್ನು ಮುಚ್ಚಿ ದಾಬಸ್‌ಪೇಟೆ ಕಡೆ ಹೋದ, ನನ್ನನ್ನು ಕೈಬಿಟ್ಟ, ಬಾಡಿಗೆ ಕೋಣೆಯವರೂ ಸಾಮಾನು ಹೊರಗಿಟ್ಟರು ಎಂದ. ನೀರಿಗೆ ಎರಡೂ ಕೈ ಚಾಚಿಕೊಂಡಿದ್ದ, ಸುಮಂಗಲಾ. ಹತ್ತೂ ಬೆರಳು ನೆಟ್ಟಗಿದ್ದವು.

ಅವನನ್ನು ನಾನು ಅದಕ್ಕೆ ಮುಂಚೆ ಕಂಡವಳಲ್ಲ. ಅವನೂ ನನ್ನನ್ನು ಕಂಡಿಲ್ಲ, ಪರಮಾನಂದ ಆಗ ಸಂಸಾರದ ಜೊತೆ ರಾಜಗೋಪಾಲನಗರದಲ್ಲಿದ್ದನಲ್ಲ. ಅವತ್ತೇ ತಂಬಿಗೆಯಿಂದ ಅವನ ಹಣೆಗೆ ಬಾರಿಸಿ ಬೀದಿಗೆ ತಳ್ಳಬಹುದಿತ್ತು. ತಳ್ಳಲಿಲ್ಲ. ಮಾಳಿಗೆಯ ಮೇಲಿನ ಕೋಣೆ ಖಾಲಿ ಇದೆ, ಮೈ ಸರಿಹೋಗುವ ತನಕ ಇರಪ್ಪಾ ಎಂದೆ. ಅವನು ನನ್ನ ಕಾಲಿಗೆ ಬಿದ್ದ. ಬೀಳಲಿ ಎಂದು ಬಿಟ್ಟೆ. ಅವನು ಮೇಲೆ ಹತ್ತಿದ ಮೇಲೆ ನಡುಮನೆಯ ಗೋಡೆಯಿಂದ ಪರಮಾನಂದನ ಮದುವೆಯ ಫೋಟೋ ಇಳಿಸಿ ಗೋಧಿ ಡಬ್ಬಿಯ ಹಿಂದೆ ಇಟ್ಟೆ.

ವೈರಿಗೆ ಹಸಿವಾದರೆ ಉಣ್ಣಲು ಕೊಡು, ಅವನ ತಲೆಯ ಮೇಲೆ ಕೆಂಡ ಕೂಡಿಬೀಳುತ್ತದೆ ಎಂಬ ಪಾಠವನ್ನು ಅಪ್ಪ ಓದಿಸುತ್ತಿದ್ದರು, ನೆನಪಿದೆಯೆ? ಆ ಕೆಂಡ ಎಂದರೆ ನಾಚಿಕೆ ಮಕ್ಕಳೇ, ಬೆಂಕಿಯಲ್ಲ ಎಂದು ಬಿಡಿಸಿ ಹೇಳುತ್ತಿದ್ದರು. ಅಪ್ಪ ದೊಡ್ಡ ಮನಸ್ಸಿನವರು. ನನಗೆ ಬೆಂಕಿಯೇ ಬೇಕಿತ್ತು. ಇವನಿಗೆ ಎಷ್ಟು ಚೆನ್ನಾಗಿ ಬಡಿಸುತ್ತೇನೋ ಅಷ್ಟು ಚೆನ್ನಾಗಿ ಸುಡುತ್ತದೆ ಎಂದು ಲೆಕ್ಕ ಹಾಕಿಕೊಂಡೆ.

ಹೇಗೆ ಉಪಚರಿಸಿದೆ ಅಂತೀ! ಬೆಳಿಗ್ಗೆ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕಲಸಿ ಕೊಟ್ಟೆ. ಎಣ್ಣೆ, ಖಾರ ಮುಟ್ಟಿಸಲಿಲ್ಲ. ಜೋಳದ ನುಚ್ಚು, ಹೆಸರುಬೇಳೆ ಕಟ್ಟು, ಎಳನೀರು. ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು ಸಾಲಿನಲ್ಲಿ ಕೂತೆ. ಅವನು ಸಾಯಬಾರದಿತ್ತು. ಸತ್ತರೆ ನನ್ನ ಮಗ ಕುಡಿದಿರಲಿಲ್ಲ ಎಂದು ಹೇಳುವವರು ಈ ಭೂಮಿಯ ಮೇಲೆ ಯಾರೂ ಉಳಿಯುವುದಿಲ್ಲ. ಪಕ್ಕದ ಮನೆಯ ಆಟೋ ಮುನಿಯಣ್ಣ ಕಾಂಪೌಂಡಿನ ಮೇಲಿಂದ ಇದನ್ನೆಲ್ಲ ನೋಡಿ ನೋಡಿ ಒಂದು ದಿನ ಕೇಳಿಯೇಬಿಟ್ಟ.

“ಏನಕ್ಕ, ಯಾರಿವ್ನು, ನಿಮ್ಮ ಅಳೀನಾ? ನಮ್ಮತ್ತೆ ಮನೇಲಿ ಹೊಸ್ದ್ರಲ್ಲೂ ನಂಗೆ ಈ ಪಾಟಿ ಬಡಿಸ್ಲಿಲ್ಲ ಕಣಕ್ಕ.”

“ಅಳಿಯಾಗಿಂತ ಹೆಚ್ಚಿನಾಂವ ಮುನಿಯಣ್ಣ. ಇವಗ ಬಾಳ ದಿವಸದಿಂದ ಕಾಯಾಕತ್ತಿದ್ದೆ” ಎಂದೆ.

ಮುನಿಯಣ್ಣ ನಕ್ಕ. ಮಾಳಿಗೆಯ ಮೆಟ್ಟಿಲ ಮೇಲೆ ಕೂತಿದ್ದ ಗದಿಗೆಪ್ಪನೂ ನಕ್ಕ. ಆ ನಗು ನೋಡಿ ನಾನು ಒಳಗೆ ಹೋಗಿ ಒಲೆ ಮುಂದೆ ನಿಂತುಕೊಂಡೆ.

ನಮ್ಮ ಸಭೆಯವರು ವಾರಕ್ಕೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆ ಕೂಡುತ್ತಾರೆಂದು ಹಿಂದೆ ಬರೆದಿದ್ದೆ. ಕೊನೆಗೆ ಒಬ್ಬೊಬ್ಬರೇ ಎದ್ದು ಸಾಕ್ಷಿ ಹೇಳುತ್ತಾರೆ. ಗಂಡ ಹೊಡೆದದ್ದು, ಮಗಳು ಓಡಿಹೋದದ್ದು, ತಾನೇ ಕದ್ದದ್ದು, ಏನಿದ್ದರೂ ಹೇಳಿ ಹಗುರಾಗುತ್ತಾರೆ. ಅಲ್ಲಿ ಹೇಳಿದ್ದು ಆ ಬಾಗಿಲು ದಾಟಬಾರದು. ಅದು ಸಭಾಪಾಲಕರ ಕಟ್ಟಪ್ಪಣೆ, ಯಾರೂ ಮುರಿದದ್ದಿಲ್ಲ.

ಸರದಿ ನನ್ನ ಮನೆಗೆ ಬಂತು. ಗದಿಗೆಪ್ಪನ ಕಣ್ಣಿನ ಹಳದಿ ಇಳಿದು ಮೈ ಸುಧಾರಿಸಿತ್ತು. ನೀನು ನಮ್ಮ ಸಭೆಯವನಲ್ಲ, ಆದರೂ ಬಾ, ಎದೆಯಲ್ಲಿ ಏನು ಕುದಿಯುತ್ತಿದೆಯೋ ಹೇಳು, ಇಲ್ಲಿ ಯಾರೂ ನಿನ್ನನ್ನು ಹಿಡಿದುಕೊಡುವುದಿಲ್ಲ ಎಂದು ಅನ್ನ ಬಡಿಸುತ್ತಾ ಹೇಳಿದೆ. ಜ್ವರದಲ್ಲಿ ಅವನು ಗಾರ್ಡು, ಗಾರ್ಡು ಎಂದು ಕನವರಿಸಿದ್ದನ್ನು ಕೇಳಿದ್ದೆ. ಪ್ರಾರ್ಥನೆಗೆ ಇನ್ನೊಬ್ಬಳನ್ನೂ ಕರೆದೆ. ಕೈಗೆ ಪರಿಹಾರ ಕೇಳಿ ಪರಮಾನಂದನ ಪರವಾಗಿ ಕಾರ್ಮಿಕ ಕಚೇರಿಯಲ್ಲಿ ವಾದಿಸುತ್ತಿರುವ ವಕೀಲೆ ಮಂಜುಶ್ರೀ. ತಲೆಯ ಮೇಲೆ ಸೆರಗು ಹೊದ್ದು ಹೆಂಗಸರ ಹಿಂದೆ ಕೂರಮ್ಮಾ ಎಂದೆ. ಅವಳು ಮೊದಲು ಒಪ್ಪಲಿಲ್ಲ. ಒಪ್ಪಿಸಿದೆ.

ಹಾಡು ಮುಗಿಯಿತು. ಇಬ್ಬರು ಹೆಂಗಸರು ಸಾಕ್ಷಿ ಹೇಳಿದರು. ಆಮೇಲೆ ಗದಿಗೆಪ್ಪ ಎದ್ದ. ಈ ತಾಯಿ ನನಗೆ ಮರುಜನ್ಮ ಕೊಟ್ಟಳು ಎಂದು ನನ್ನ ಕಡೆ ಕೈ ಮುಗಿದ. ಎಲ್ಲರೂ ಸ್ತೋತ್ರ ಎಂದರು. ಅವನು ಕೂರಲಿಲ್ಲ, ನೆಲ ನೋಡುತ್ತಾ ನಿಂತ.

“ನಾ ಒಬ್ಬ ಹುಡುಗನ ಕೈ ತಿಂದೇನ್ರಿ. ಮಿಷನ್ನಿಂದು ಗಾರ್ಡ್ ಬಿಚ್ಚಿಸಿದಾಂವ ನಾನ. ಆ ಹುಡುಗ ಕುಡದಿರಲಿಲ್ಲ. ಕುಡದಾನಂತ ಸುಳ್ಳ ಹೇಳಿದಾಂವನೂ ನಾನ. ಅವನ ಹೆಸರ... ಪರಸಪ್ಪನೋ ಪರಮೇಶಿನೋ, ನೆಪ್ಪಿಗಿ ಬರವಲ್ದು.”

ಸುಮಂಗಲಾ, ಅವನು ತಪ್ಪೊಪ್ಪಿಕೊಂಡಾಗ ನನ್ನ ಕೋಪ ಸ್ವಲ್ಪ ಇಳಿದೀತು ಎಂದುಕೊಂಡಿದ್ದೆ. ಹೆಸರು ಮರೆತಿದ್ದಾನೆ ಎಂದು ತಿಳಿದಾಗ ಅದು ಇಮ್ಮಡಿಯಾಯಿತು. ಒಳಗೆ ಹೋಗಿ ಡಬ್ಬಿಯ ಹಿಂದಿನ ಫೋಟೋ ತಂದು ಅವನ ಕೈಗೆ ಕೊಟ್ಟೆ.

“ಪರಮಾನಂದ. ಹೇಳು, ಪರಮಾನಂದ. ನಾ ಅವರವ್ವ. ಇಷ್ಟ ದಿನ ನೀ ಉಂಡದ್ದು ಅವನ ತಾಟಿನಾಗ.”

ಅವನು ಹೇಳಿದ. ಮೂರು ಸಲ ಹೇಳಿಸಿದೆ. ತೊದಲಿದರೆ ಮತ್ತೆ ಹೇಳು ಎಂದೆ. ಅವನ ಮುಖದ ನೆತ್ತರು ಇಳಿದುಹೋದದ್ದನ್ನು ಕಣ್ತುಂಬ ನೋಡಿದೆ. ಪಾಪ ಎನಿಸಲಿಲ್ಲ. ಮಂಜುಶ್ರೀ ಎದ್ದು ತಾನು ಯಾರೆಂದು ಹೇಳಿ, ಈ ಮಾತನ್ನು ಅಧಿಕಾರಿಗಳ ಮುಂದೆ ಹೇಳುತ್ತೀರಾ ಎಂದು ಕೇಳಿದಳು. ತಲೆಯಾಡಿಸಿದ.

ಸಭಾಪಾಲಕರು ಚಪ್ಪಲಿ ಮೆಟ್ಟುವಾಗ ಒಂದೇ ಮಾತು ಆಡಿದರು. “ದೇವಕ್ಕ, ನೀವು ಪ್ರಾರ್ಥನೆಯನ್ನ ಪೊಲೀಸ್ ಸ್ಟೇಷನ್ ಮಾಡಿಬಿಟ್ಟಿರಿ.” ನನ್ನ ಮನೆಯಲ್ಲಿ ಇನ್ನು ಪ್ರಾರ್ಥನೆ ಕೂಡುವುದಿಲ್ಲವಂತೆ. ಹೆಂಗಸರು ನೀರಿನ ನಲ್ಲಿಯ ಹತ್ತಿರ ನನ್ನನ್ನು ಕಂಡರೆ ಮಾತು ನಿಲ್ಲಿಸುತ್ತಾರೆ. ಅವರದೂ ತಪ್ಪಲ್ಲ. ನನ್ನೆದುರು ಹೇಳಿದ್ದು ಎಲ್ಲಿಗೆ ಹೋಗುತ್ತದೋ ಎಂಬ ಭಯ ಅವರಿಗೆ. ಒಂದು ಸಭೆಯ ನಂಬಿಕೆ ಮುರಿದೆ, ಅಪ್ಪನ ರೂಢಿಯನ್ನು ಬಲೆ ಮಾಡಿ ಬೀಸಿದೆ. ಮೀನು ಸಿಕ್ಕಿದೆ. ಮತ್ತೆ ಬೀಸು ಎಂದರೂ ಬೀಸುತ್ತೇನೆ.

ಅವನು ಈಗಲೂ ಮಾಳಿಗೆಯ ಮೇಲೇ ಇದ್ದಾನೆ. ಊಟ ತಪ್ಪಿಸಿಲ್ಲ. ಮೊದಲು ತಟ್ಟೆ ಮುಂದಿಟ್ಟರೆ ಗಬಗಬ ತಿನ್ನುತ್ತಿದ್ದ, ಈಗ ಒಂದೊಂದು ತುತ್ತೂ ಗಂಟಲಲ್ಲಿ ನಿಂತು ಇಳಿಯುತ್ತದೆ. ನಾನು ಎದುರಿಗೆ ಕುಕ್ಕರಗಾಲಲ್ಲಿ ಕೂತು, ಇನ್ನೊಂದು ಹಾಕಿಸಿಕೊಳ್ಳಪ್ಪಾ ಎನ್ನುತ್ತೇನೆ. ನನ್ನ ಕೆಂಡ ಅದೇ.

ಈಗ ಮುಖ್ಯ ಮಾತು. ಬರುವ ಇಪ್ಪತ್ತಮೂರು, ಬುಧವಾರ, ಕಾರ್ಮಿಕ ಕಚೇರಿಯಲ್ಲಿ ವಿಚಾರಣೆ. ಅಲ್ಲಿ ಗದಿಗೆಪ್ಪ ಬಾಯಿಬಿಟ್ಟು ಹೇಳಿದರೆ ಮಾತ್ರ ಪರಮಾನಂದನ ಮೇಲಿನ ಕುಡುಕನೆಂಬ ಹೆಸರು ಅಳಿಯುತ್ತದೆ. ನಮ್ಮ ಮನೆಯ ಪ್ರಾರ್ಥನೆಯಲ್ಲಿ ಹೇಳಿದ್ದು ಕಚೇರಿಯಲ್ಲಿ ನಡೆಯುವುದಿಲ್ಲವಂತೆ. ನೀನೇ ಪರಮಾನಂದನನ್ನು ಕರೆದುಕೊಂಡು ಬಾ. ನನಗೆ ಹುಷಾರಿಲ್ಲ ಎಂದು ಹೇಳು, ಬರುತ್ತಾನೆ. ಭಾಗ್ಯಶ್ರೀಯ ತಂದೆಗೂ ಈಶಪ್ಪನವರಿಂದ ಒಂದು ಮಾತು ಹೇಳಿಸು. ಅವರು ಮಗಳನ್ನು ಕರೆದುಕೊಂಡು ಬಂದು ಹಿಂದಿನ ಬೆಂಚಿನಲ್ಲಿ ಕೂತು ಕೇಳಲಿ. ಕೇಳಿದ ಮೇಲೂ ಕಳಿಸದಿದ್ದರೆ ಅವರಿಷ್ಟ. ಆದರೆ ಕೇಳಲೇಬೇಕು.

ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ. ಬರುತ್ತೀರೋ ಇಲ್ಲವೋ ತಡಮಾಡದೆ ಎರಡು ಸಾಲು ಬರೆದು ಹಾಕು. ಅಕ್ಕ ಮಾಡಿದ್ದು ಸರಿಯಲ್ಲ ಎಂದು ಅನಿಸಿದರೆ ಅದನ್ನೂ ಬರೆ, ಓದುತ್ತೇನೆ. ಬರುವುದು ಮಾತ್ರ ತಪ್ಪಿಸಬೇಡ.

ಇಂತಿ ನಿನ್ನ ಅಕ್ಕ,
ದೇವಕ್ಕ

ಇನ್ನೊಂದು ಮಾತು: ಅವನು ತಾನಾಗಿ ಉಳಿದಿದ್ದಾನೆ ಎಂದು ನೀನು ತಿಳಿಯುತ್ತೀಯ, ಹಾಗೆ ತಿಳಿಯಲೆಂದೇ ಮೇಲೆ ಬರೆದೆ. ಹಾಗಲ್ಲ. ಊರಿಗೆ ಹೋಗಿ ಹೆಂಡತಿ ಮಕ್ಕಳನ್ನು ನೋಡಿ ಬರುತ್ತೇನೆ ಎಂದು ಮೊನ್ನೆಯಿಂದ ಹೇಳುತ್ತಿದ್ದಾನೆ. ಹೋದರೆ ತಿರುಗಿ ಬರುತ್ತಾನೆಯೆ? ಅವನ ಆಧಾರ್ ಕಾರ್ಡು, ಬಟ್ಟೆ, ಫೋನು ಎಲ್ಲ ಇರುವ ಚೀಲ ಕಾಣುತ್ತಿಲ್ಲ. ಪಾಪ, ಮಾಳಿಗೆಯೆಲ್ಲ ಹುಡುಕಿದ, ನಾನೂ ಜೊತೆಗೆ ಹುಡುಕಿದೆ. ಅದು ನನ್ನ ಟ್ರಂಕಿನಲ್ಲಿದೆ, ಬೀಗದ ಕೈ ನನ್ನ ಸೊಂಟದಲ್ಲಿದೆ. ಚೀಲ ಒಳಗಿಡುವಾಗ ನೋಡಿದೆ, ಅವನ ಒಂದು ಅಂಗಿಯ ಹೆಗಲು ಹರಿದಿತ್ತು. ಹೊಲಿದು ಮಡಿಚಿಟ್ಟಿದ್ದೇನೆ. ಯಾಕೆಂದು ಕೇಳಬೇಡ, ನನಗೂ ಗೊತ್ತಿಲ್ಲ.